ಗೋವಾದಾಗ ಕ್ರಿಸ್ಮಸ್ ಊಟಕ್ಕ ಅಡ್ವಾನ್ಸ್ ಹಾಕೂಕಿಂತ ಮೊದ್ಲ ಒಮ್ಮೆ ಇದನ್ನ ಓದ್ರಿ

ಪುಣೆದಾಗಿನ ನಮ್ಮ ಮಂದಿ ಡಿಸೆಂಬರ್ ಬಂತಂದ್ರ ಗಾಡಿ ತಗೊಂಡು ಗೋವಾಕ್ಕ ಹೊಂಡತೀರಿ, ಅದಕ್ಕ ಬರೀಲಿಕತ್ತೀನಿ. ಹೋದ ವರ್ಷ 25ಕ್ಕ ರಾತ್ರಿ ನಮಗ ಆಗಿದ್ದು ನಿಮಗ ಆಗೂದು ಬ್ಯಾಡ. ಹೋಟೆಲ್ ಹೆಸರು ಬರಿಯೂದಿಲ್ಲ, ಬರದ್ರ ಅದೊಂದು ಬಿಟ್ಟು ಅಂಥಾದ್ದ ಬಾಜೂಕಿಂದಕ್ಕ ಹೋಗ್ತೀರಿ, ಅಷ್ಟ.

ನಾನು, ಹೆಂಡ್ತಿ, ಅವ್ವ, ಗೆಳೆಯ ಒಬ್ಬ, ಎರಡು ಸಣ್ಣ ಹುಡುಗ್ರು. ಕ್ಯಾಂಡೋಲಿಮ್ ಕಡೆ ಒಂದು ರೆಸ್ಟೋರೆಂಟ್, ಇನ್‌ಸ್ಟಾದಾಗ ಗೋವನ್ ಕ್ರಿಸ್ಮಸ್ ಡಿನ್ನರ್ ಅಂತ ಪೋಸ್ಟರ್ ಹಾಕಿದ್ರು, ತಲಿಗೆ 2,800. ಫೋನ್ ಮಾಡಿ ಕೇಳಿದ್ರ ಸೊರ್ಪೊಟೆಲ್ ಇರ್ತದ, ಇಡ್ಲಿಯಂಥಾ ಸನ್ನಾ ಇರ್ತದ, ಪದರು ಪದರಿನ ಸಿಹಿ ಬೆಬಿಂಕಾ ಇರ್ತದ, ಅವ್ವಗ ಬ್ಯಾರೆ ವೆಜ್ ಕೌಂಟರ್, ಹುಡುಗ್ರು ಫ್ರೀ, ಕೇಳಿದ್ದಕ್ಕೆಲ್ಲಾ ಹೂಂ ಅಂದಾ. 5,600 ಯುಪಿಐ ಮಾಡಿಬಿಟ್ಟೆ. ನಮ್ಮ ಬಿಲ್ಡಿಂಗ್‌ನಾಗ ಮ್ಯಾಲಿನ ಮನಿ ಆಂಟಿ ಗೋವಾದ ಮಡಗಾಂವ್ ಕಡೆಯವರು, ಅವರು ಆವಾಗ್ಲೇ ಹಿಂದ್ಯಾಗ ಅಂದಿದ್ರು, ಆ ದಿವಸ ನಾವೆಲ್ಲಾ ನಮ್ಮ ನಮ್ಮ ಮನ್ಯಾಗ ಇರ್ತೀವಿ, ನಿಮಗ ಅಡಿಗಿ ಮಾಡಿ ಹಾಕೋರು ಯಾರಪಾ ಅಂತ. ನಾನು ಚಾಷ್ಟಿ ಅನ್ಕೊಂಡು ನಕ್ಕೆ.

ಕಲಂಗೂಟ್ ದಾಟೂದ್ರಾಗ ಟ್ರಾಫಿಕ್‌ನಾಗ ತಾಸೂವರಿ ಹೋತು. ಒಳಗ ಹೋದ್ರ ಲೈಟ್ ಏನು, ಟ್ರೀ ಏನು, ಸ್ಯಾಂಟಾ ಟೊಪ್ಪಿಗಿ ಏನು, ತಾಟಿನ ಕಡೆ ನೋಡಿದ್ರ ಹಕ್ಕಾ ನೂಡಲ್ಸ್, ಪನೀರ್ ಬಟರ್ ಮಸಾಲಾ, ಜೀರಾ ರೈಸ್! ಪುಣೆದಾಗ ಯಾವ ಲಗ್ನದಾಗರ ಸಿಗೂ ಊಟ. ಸೊರ್ಪೊಟೆಲ್ ಅಂತ ಚೀಟಿ ಹಚ್ಚಿದ್ದ ಪಾತ್ರ್ಯಾಗ ಕೆಂಪ್ ಬಣ್ಣ ಹಾಕಿದ ತೆಳ್ಳನ ಗ್ರೇವಿ, ವಿನೆಗರ್ ವಾಸನಿನೂ ಇಲ್ಲ. ಖರೇ ಸೊರ್ಪೊಟೆಲ್ ಅಂದ್ರ ಹಂದಿ ಮಾಂಸ, ಲಿವರ್ ಸಣ್ಣಗ ಹೆಚ್ಚಿ ವಿನೆಗರ್ ಮಸಾಲಿ ಹಾಕಿ ಎರಡ್ಮೂರು ದಿವಸ ಮೊದ್ಲ ಮಾಡಿಟ್ಟು, ದಿನಾ ಬಿಸಿ ಮಾಡಿದಷ್ಟು ರುಚಿ ಏರೂ ಪದಾರ್ಥ, ಹೊತ್ತಿಗೆ ಸರಿಯಾಗಿ ಕುಕ್ಕರ್‌ನಾಗ ಆಗೂದಲ್ಲ. ಸನ್ನಾ ಖಾಲಿ ಆಗ್ಯಾವ ಅಂದ್ರು, ಇದ್ವೋ ಇಲ್ಲೋ ದೇವರಿಗೇ ಗೊತ್ತು. ಬೆಬಿಂಕಾ ಫ್ರಿಜ್‌ನಿಂದ ತೆಗೆದ ಪ್ಯಾಕೆಟ್‌ದು, ಹಲ್ಲಿಗೆ ತಣ್ಣಗ ಹತ್ತತಿತ್ತು. ಅವ್ವನ ವೆಜ್ ಕೌಂಟರ್ ಅಂದ್ರ ಸೀಗಡಿ ಪುಲಾವ್ ಬಾಜೂಕ ವೆಜ್ ಪುಲಾವ್, ಎರಡಕ್ಕೂ ಒಂದ ಸೌಟು. ಅಕಿ ತಾಟು ಮುಟ್ಟಲೇ ಇಲ್ಲ.

ನೀರು ಹಾಕಲಿಕ್ಕೆ ಬಂದ ಹುಡುಗ ನಮ್ಮ ಮಾತು ಕೇಳಿ ಕನ್ನಡದಾಗ ಮಾತಾಡ್ದಾ, ಬಾಗಲಕೋಟಿ ಕಡೆಯಾವ. ಮೆಲ್ಲಕ ಹೇಳಿದ, "ಸರ, ಇಲ್ಲಿ ಅಡಿಗಿ ಮಾಡೂ ಗೋವಾದವರು 23ಕ್ಕ ರಜಾ ಹಾಕಿ ಊರಿಗೆ ಹೋಗ್ಯಾರ್ರಿ, ಇವತ್ತ ಎಲ್ಲಾ ನಾವ ಮಾಡೇವಿ." ಆವಾಗ ಆಂಟಿ ಮಾತು ತಲ್ಯಾಗ ಹೊಕ್ಕಿತು ನೋಡ್ರಿ. 24ರ ರಾತ್ರಿ ಚರ್ಚ್‌ನಾಗ ಮಾಸ್, 25ರ ಮಧ್ಯಾಹ್ನ ಮನಿಮಂದಿ ಕೂಡಿ ಊಟ, ಮನಿಯವರ ನಡಸೂ ಎಷ್ಟೋ ಸಣ್ಣ ಗೋವನ್ ಹೋಟೆಲ್ ಅವತ್ತು ಬಾಗಲಾ ಹಾಕಿರ್ತಾವ, ತೆಗೆದಿರೂದು ಬಹಳ ಮಟ್ಟಿಗೆ ಟೂರಿಸ್ಟ್ ಜಾಗಾ.

ಬಿಲ್ ಬಂತು. 11,200, ಹುಡುಗ್ರದು ಅರ್ಧಾ ಅರ್ಧಾ ಸೇರಿ 2,800 (ಫ್ರೀ ಅಂದಿದ್ದಾ!), ಗೆಳೆಯ ಕುಡದಿದ್ದ ಎರಡು ಬಿಯರ್ 700, ಅದರ ಮ್ಯಾಲ 10% ಸರ್ವಿಸ್ ಚಾರ್ಜ್ 1,470, ಆ ಇಡೀ ಮೊತ್ತದ ಮ್ಯಾಲ 5% ಜಿಎಸ್‌ಟಿ. ಗಾಡಿ ಹೊಡಿಬೇಕಾದವ ನಾನು, ತಲಿ ನೆಟ್ಟಗಿತ್ತು, ಕೂತು ಒಂದೊಂದ ಲೆಕ್ಕ ಹಾಕಿದೆ. ಕುಡಿಯೂ ಬಿಯರ್, ಸೆರಿ ಜಿಎಸ್‌ಟಿ ಒಳಗ ಬರೂದಿಲ್ಲ, ಅದಕ್ಕ ರಾಜ್ಯದ ವ್ಯಾಟ್. ಸರ್ವಿಸ್ ಚಾರ್ಜ್ ತಾವಾಗೇ ಬಿಲ್‌ಗೆ ಸೇರಿಸಬಾರ್ದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈದಾಗ ಹೇಳೇದ, 2025ರ ಮಾರ್ಚ್‌ನಾಗ ದೆಹಲಿ ಹೈಕೋರ್ಟ್ ಅದನ್ನ ಎತ್ತಿಹಿಡಿದದ. ಮ್ಯಾನೇಜರ್ ಮೊದ್ಲ ಇದು ಫೆಸ್ಟಿವಲ್ ಪಾಲಿಸಿ ಸರ್ ಅಂದಾ, ನಾನು 1915ಕ್ಕ, ಅಂದ್ರ ಗ್ರಾಹಕ ಸಹಾಯವಾಣಿಗೆ ಫೋನ್ ಹಚ್ತೀನಿ ಅಂದ ಮ್ಯಾಲ ಸರ್ವಿಸ್ ಚಾರ್ಜ್, ಬಿಯರ್ ಮ್ಯಾಲಿನ ಜಿಎಸ್‌ಟಿ ಎರಡೂ ತೆಗೆದಾ. ಹುಡುಗ್ರ 2,800 ಮಾತ್ರ ಬಿಡ್ಲಿಲ್ಲ, ಯಾಕಂದ್ರ ಫ್ರೀ ಅಂತ ಅವರು ಹೇಳಿದ್ದು ಫೋನ್‌ನಾಗ, ಬರದಿದ್ದು ಎಲ್ಲೂ ಇಲ್ಲ. ಅಡ್ವಾನ್ಸ್ ಕಳದು ಇನ್ನ 9,800 ಕೊಟ್ಟು ಹೊರಗ ಬಂದ್ವಿ, ಹೊಟ್ಟಿ ಹಸದಿತ್ತು.

ಅದ ಬಾಗಲಕೋಟಿ ಹುಡುಗ ಹೇಳಿದ ದಾರಿ ಹಿಡದು ಒಂದು ಗಾಡೊ, ಅಂದ್ರ ರಸ್ತೆ ಬಾಜೂಕಿನ ತಿಂಡಿ ಗಾಡಿ, ಹುಡುಕಿ ರಸ್ ಆಮ್ಲೆಟ್ ತಿಂದ್ವಿ, ಆಮ್ಲೆಟ್ ಮ್ಯಾಲ ಕೊಬ್ಬರಿ ಮಸಾಲಿ ಹಾಕಿದ ಬಿಸಿ ಶಾಕುತಿ ರಸಾ, ಜೋಡಿ ಪಾವ್, ನಿಂತ ನಿಂತ ತಿಂದಿದ್ದು, ಇಡೀ ಟ್ರಿಪ್‌ನಾಗ ಅದ ಬೆಸ್ಟ್. ಅವ್ವ ಡಿಕ್ಕಿ ತೆಗಿಸಿ ಮನಿಯಿಂದ ಕಟ್ಟಿಕೊಂಡು ಬಂದಿದ್ದ ಕಟಕ್ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದ್ಲು. ಹುಡುಗ್ರೂ ಅದಕ್ಕ ಕೈ ಹಾಕಿದ್ವು.

ಈ ಸಲ ಆಂಟಿನ್ನೇ ಮೊದ್ಲ ಕೇಳೀನಿ. ಅವರು ಹೇಳಿದ್ದ ಜಾಗ 25ಕ್ಕ ಬಂದ್, ಅದಕ್ಕ 23ರ ಮಧ್ಯಾಹ್ನಕ್ಕ ಟೇಬಲ್ ಹೇಳೀವಿ. ಅವತ್ತು ಯಾರು ಅಡಿಗಿ ಮಾಡ್ತಾರ ಅಂತ ಕೇಳಿದ್ರ ಮಾಲಕ ನಕ್ಕು ನಮ್ಮ ಅಮ್ಮ ಅಂದಾ, ಮೆನು ರೇಟ್ ಸಮೇತ ವಾಟ್ಸಾಪ್‌ನಾಗ ಕಳಿಸ್ಯಾನ, ಅಡ್ವಾನ್ಸ್ ಕೇಳಿಲ್ಲ.