ಪುಡಿ ಬಿಡುವ ಗೋಡೆಗೆ ಬಣ್ಣ ಹೊಡೆದು ಕೆಟ್ಟೆ

ಮಲಗುವ ಕೋಣೆಗೆ ನಾನೇ ಬಣ್ಣ ಹೊಡೆದೆ. ಎರಡು ದಿನ ರಜೆ ಹಾಕಿ, ಕುತ್ತಿಗೆ ನೋಯಿಸಿಕೊಂಡು. ಮುಗಿದ ಸಂಜೆ ಗೋಡೆ ಎಷ್ಟು ಚೆನ್ನಾಗಿ ಕಾಣುತ್ತಿತ್ತು ಅಂದರೆ, ಫೋಟೋ ತೆಗೆದು ನೆಂಟರಿಗೆಲ್ಲ ಕಳಿಸಿಯೂ ಆಯಿತು.

ಒಂದು ಗೋಡೆಗೆ ಮಾತ್ರ ಗಾಢ ಬಣ್ಣ ಇರಲಿ ಅಂತ ಪಕ್ಕದ ಗೋಡೆಯ ಅಂಚಿಗೆ ಟೇಪ್ ಅಂಟಿಸಿದ್ದೆ. ಮರುದಿನ ಅದನ್ನು ಎಳೆದರೆ ಬಣ್ಣವೂ ಜೊತೆಗೇ ಬಂತು. ಚೂರುಪಾರು ಅಲ್ಲ, ಅಂಗೈ ಅಗಲದ ಹಾಳೆ. ಕಾದಾರಿದ ಹಾಲಿನ ಕೆನೆ ಎತ್ತಿದ ಹಾಗೆ. ತಿರುಗಿಸಿ ನೋಡಿದೆ. ಅದರ ಬೆನ್ನಿಗೆ ಹಳೇ ಬಣ್ಣದ ಪುಡಿ ಮೆತ್ತಿಕೊಂಡಿತ್ತು.

ಗೊತ್ತಿರುವ ಪೇಂಟರ್ ಒಬ್ಬರನ್ನು ಕರೆದು ತೋರಿಸಿದೆ. ಅವರು ಬಣ್ಣ ಹೊಡೆಯದ ಮೂಲೆಯಲ್ಲಿ ಅಂಗೈ ಸವರಿ, ಬೆಳ್ಳಗಾದ ಕೈಯನ್ನು ನನ್ನ ಮುಂದೆ ಹಿಡಿದರು. ಬೈದಿದ್ದರೂ ಅಷ್ಟು ನಾಚಿಕೆ ಆಗುತ್ತಿರಲಿಲ್ಲ.

ಆಗಿದ್ದು ಇಷ್ಟೇ. ಗೋಡೆಗೆ ಮೊದಲು ಇದ್ದದ್ದು ಡಿಸ್ಟೆಂಪರ್. ಅದರಲ್ಲಿ ಸೀಮೆಸುಣ್ಣದಂಥ ಪುಡಿಯೇ ಜಾಸ್ತಿ, ಅಂಟು ಕಡಿಮೆ. ಹಳೆಯದಾದಂತೆ ಅಂಟಿನ ಹಿಡಿತ ಸಡಿಲವಾಗಿ ಪುಡಿ ಮೇಲೆ ನಿಲ್ಲುತ್ತದೆ. ನಾನು ಅದರ ಮೇಲೆ ಹೊಡೆದದ್ದು ಎಮಲ್ಷನ್ ಬಣ್ಣ. ಅದು ಒಣಗಿದರೆ ತೆಳು ಪ್ಲಾಸ್ಟಿಕ್ ಪೊರೆ ಇದ್ದ ಹಾಗೆ. ನನ್ನ ಪೊರೆ ಗೋಡೆ ಹಿಡಿಯಲಿಲ್ಲ, ಪುಡಿ ಹಿಡಿದುಕೊಂಡು ಕೂತಿತ್ತು. ಎಷ್ಟು ದುಬಾರಿ ಬಣ್ಣ ತಂದರೂ ಇದೇ ಕಥೆ.

ಹಾಗಾಗಿ ಡಬ್ಬಿ ತೆರೆಯುವ ಮೊದಲು ಒಂದು ಕಪ್ಪು ಬಟ್ಟೆಯಿಂದ ಗೋಡೆ ಒರೆಸಿ ನೋಡಿ. ಪುಡಿ ಬಂದರೆ ಕೆರೆದು, ಒದ್ದೆ ಸ್ಪಂಜಿನಿಂದ ತೊಳೆದು, ಪೂರ್ತಿ ಒಣಗಲು ಬಿಡಿ. ತೂತು, ಬಿರುಕಿಗೆ ಪುಟ್ಟಿ ತುಂಬಿ ಉಜ್ಜಿ, ದೂಳು ಒರೆಸಿ, ಆಮೇಲೆ ಪ್ರೈಮರ್, ಅಂದರೆ ಬಣ್ಣ ಗೋಡೆಗೆ ಹಿಡಿಯಲಿ ಅಂತ ಮೊದಲು ಬಳಿಯುವ ಕೋಟ್. ಬಣ್ಣದ ಎರಡು ಕೋಟ್ ಕೊನೆಗೆ. ನಾನು ಪ್ರೈಮರ್ ಅಂದರೆ ಅಂಗಡಿಯವರು ಸುಮ್ನೆ ಮಾರುವ ವಸ್ತು ಅಂದುಕೊಂಡಿದ್ದೆ! ಮನೆ ತುಂಬಾ ಹಳೆಯದಾದರೆ ಹಳೇ ಬಣ್ಣದಲ್ಲಿ ಸೀಸ ಇರಬಹುದು. ಪರೀಕ್ಷೆ ಮಾಡಿಸದೆ ಕೆರೆಯಲು, ಉಜ್ಜಲು ಹೋಗಬೇಡಿ. ಆ ದೂಳು ಮಕ್ಕಳಿಗಂತೂ ವಿಷ.

ಟೇಪನ್ನೂ ರಾತ್ರಿಯಿಡೀ ಬಿಡಬಾರದಿತ್ತಂತೆ. ಕೊನೇ ಕೋಟ್ ಹಸಿಯಾಗಿರುವಾಗಲೇ ನಿಧಾನಕ್ಕೆ ಎಳೆಯಬೇಕು.

ಬಚ್ಚಲಿಗೆ ಅಂಟಿದ ಗೋಡೆಯದು ಬೇರೆಯೇ ಗೋಳು. ಅಲ್ಲಿ ಮೂರೇ ವಾರದಲ್ಲಿ ಗುಳ್ಳೆ ಎದ್ದಿತು, ಒಡೆದರೆ ಒಳಗೆ ಉಪ್ಪಿನಂಥ ಬಿಳಿ ಪುಡಿ. ತೇವ ಹಿಂದಿನಿಂದ ಬರುತ್ತಿದ್ದರೆ ಮುಂದೆ ಏನು ಬಳಿದು ಏನು ಪ್ರಯೋಜನ, ಅಲ್ವಾ? ಇದಕ್ಕೂ ಆ ಪೇಂಟರೇ ಒಂದು ಉಪಾಯ ಹೇಳಿದರು. ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಗೋಡೆಗೆ ಟೇಪ್ ಹಾಕಿ ಮುಚ್ಚಿ, ಒಂದು ದಿನ ಬಿಡಬೇಕು. ಹನಿ ಹಾಳೆಯ ಹೊರಗೆ ಕಟ್ಟಿದರೆ ಅದು ಕೋಣೆಯ ಗಾಳಿಯದು. ಒಳಗೆ ಕಟ್ಟಿದರೆ ಗೋಡೆಯದು.

ನನ್ನ ಹಾಳೆಯ ಒಳಗೆ ಸಾಲಾಗಿ ನಿಂತಿದ್ದವು. ಬಚ್ಚಲಿನ ಪೈಪ್ ಸರಿ ಮಾಡಿಸಿದ್ದೇನೆ. ಗೋಡೆ ಮಾತ್ರ ಇನ್ನೂ ಬೋಳಾಗಿಯೇ ಇದೆ, ವಾರಕ್ಕೊಮ್ಮೆ ಹಾಳೆ ಅಂಟಿಸಿ ನೋಡುತ್ತಿದ್ದೇನೆ.