ಸಿಗರೇಟು ಬಿಡಲು ನಾಲ್ಕು ಬಗೆಯ ಜೊತೆ: ಒಂದು ಹೋಲಿಕೆ

ದಿನಕ್ಕೆ ಹನ್ನೆರಡು ಸಿಗರೇಟಿನಂತೆ 23 ವರ್ಷ ಸೇದಿದ ನಾನು 2021ರಿಂದ 2024ರ ನಡುವೆ ನಾಲ್ಕು ಸಲ ಅದನ್ನು ಬಿಟ್ಟೆ. ಮೂರು ಸಲ ಮತ್ತೆ ಹಿಡಿದೆ. ನಾಲ್ಕು ಸಲವೂ ಒಬ್ಬನೇ ಬಿಡಲಿಲ್ಲ, ಪ್ರತಿ ಸಲವೂ ಬೇರೆ ಬಗೆಯ ಜೊತೆಯನ್ನು ಹುಡುಕಿಕೊಂಡೆ. ಮೊದಲು ಕಚೇರಿಯ ಒಬ್ಬ ಗೆಳೆಯ, ಆಮೇಲೆ ಮೊಬೈಲಿನಲ್ಲಿ ಸುಮಾರು ನೂರೆಂಬತ್ತು ಜನರ ಗುಂಪು, ಬಳಿಕ ಸರ್ಕಾರದ ಉಚಿತ ದೂರವಾಣಿ ಸಹಾಯವಾಣಿ, ಕೊನೆಗೆ ಕಾರವಾರದ ಕಡಲದಂಡೆಯಲ್ಲಿ ಬೆಳಿಗ್ಗೆ ಸೇರುವ ಐದು ಜನ. ಈ ನಾಲ್ಕರಲ್ಲಿ ಯಾವುದು ಎಲ್ಲಿ ಕೈಹಿಡಿಯಿತು, ಎಲ್ಲಿ ಕೈಬಿಟ್ಟಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾಲ್ಕನೆಯದು ಗೆದ್ದಿತೆಂದ ಮಾತ್ರಕ್ಕೆ ಎಲ್ಲ ಶ್ರೇಯವೂ ಅದಕ್ಕೇ ಸಲ್ಲುವುದಿಲ್ಲ, ಏಕೆಂದರೆ ಹಿಂದಿನ ಮೂರು ಸೋಲುಗಳಲ್ಲಿ ಕಲಿತದ್ದನ್ನು ಹೊತ್ತುಕೊಂಡೇ ನಾನು ಅಲ್ಲಿಗೆ ಹೋಗಿದ್ದೆ. ಬಿಟ್ಟವರಲ್ಲಿ ಹೆಚ್ಚಿನವರು ಒಂದೇ ಯತ್ನದಲ್ಲಿ ಬಿಟ್ಟವರಲ್ಲ.

ಗೆಳೆಯನೊಡನೆ ಮಾಡಿಕೊಂಡ ಒಪ್ಪಂದ ಹತ್ತೊಂಬತ್ತು ದಿನ ನಡೆಯಿತು. ನಾವಿಬ್ಬರೂ ಒಂದೇ ಕೋಣೆಯಲ್ಲಿ ಕೆಲಸ ಮಾಡುವವರು. ಬೆಳಗಿನ ಹನ್ನೊಂದಕ್ಕೆ ಮತ್ತು ಸಂಜೆಯ ನಾಲ್ಕಕ್ಕೆ ಕಚೇರಿಯ ಹಿಂದಿನ ಗೂಡಂಗಡಿಗೆ ಒಟ್ಟಿಗೇ ಹೋಗುತ್ತಿದ್ದವರು. ಸೇದಿದವನು ಇನ್ನೊಬ್ಬನಿಗೆ ಐನೂರು ರೂಪಾಯಿ ದಂಡ ಕೊಡಬೇಕೆಂದು ಮಾತಾಗಿತ್ತು. ಆಗ ನಮಗೆ ತಿಳಿಯದಿದ್ದ ಸಂಗತಿಯೆಂದರೆ, ನಿಕೋಟಿನ್ ನಿಂತ ಮೇಲಿನ ಸಿಡುಕು, ನಿದ್ದೆಗೇಡು, ಚಡಪಡಿಕೆಗಳು ಎರಡನೆಯ ಮೂರನೆಯ ದಿನಕ್ಕೆ ತುದಿ ಮುಟ್ಟಿ, ಎರಡರಿಂದ ನಾಲ್ಕು ವಾರಗಳಲ್ಲಿ ನಿಧಾನವಾಗಿ ಇಳಿಯುತ್ತವೆ. ಒಂದೇ ದಿನ ಬಿಟ್ಟ ಇಬ್ಬರು ಆ ತುದಿಗೆ ಹತ್ತುವುದೂ ಒಂದೇ ದಿನ. ಮೂರನೆಯ ದಿನ ಒಂದು ಕಡತದ ವಿಷಯಕ್ಕೆ ನಾವಿಬ್ಬರೂ ಮಾತು ಬಿಟ್ಟೆವು. ಒಬ್ಬ ಮುಳುಗುವಾಗ ಇನ್ನೊಬ್ಬ ದಡದಲ್ಲಿರಬೇಕು, ಇಲ್ಲಿ ಇಬ್ಬರೂ ನೀರಿನಲ್ಲೇ ಇದ್ದೆವು. ಹತ್ತೊಂಬತ್ತನೆಯ ದಿನ ಲೆಕ್ಕಪರಿಶೋಧನೆಯ ನಡುವೆ ಅವನು, ‘ಒಂದೇ ತಕ್ಕೊಂಡು ಅರ್ಧರ್ಧ ಸೇದುವಾ, ಆಗ ಯಾರೂ ದಂಡ ಕೊಡುವುದು ಬೇಡ’ ಎಂದ. ಅಷ್ಟು ನ್ಯಾಯವಾದ ತೀರ್ಪನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಜೋಡಿಯ ಬಲವೆಂದರೆ ಅವನು ಕಣ್ಣೆದುರಿಗೇ ಇರುತ್ತಾನೆ ಎಂಬುದು. ಸೇದುವುದಕ್ಕೂ ಅವನೇ ಜೊತೆಗಾರನಾಗಿದ್ದನೆಂಬುದು ಅದರ ದೌರ್ಬಲ್ಯ.

ಮೊಬೈಲಿನ ಗುಂಪಿಗೆ ನನ್ನನ್ನು ಸೇರಿಸಿದವರು ನೆಂಟರೊಬ್ಬರು. ಬೀದರದಿಂದ ಮಂಗಳೂರಿನವರೆಗಿನ ಜನ ಅದರಲ್ಲಿದ್ದರು. ಬೆಳಗಾಗುತ್ತಲೇ ಎಲ್ಲರೂ ತಮ್ಮ ದಿನದ ಸಂಖ್ಯೆಯನ್ನು ಬರೆಯುತ್ತಿದ್ದರು, ಉಳಿದವರು ಹೂವು, ಚಪ್ಪಾಳೆಗಳನ್ನು ಕಳಿಸುತ್ತಿದ್ದರು. ರಾತ್ರಿ ಹನ್ನೊಂದು ಗಂಟೆಗೆ, ಊಟ ಮುಗಿದು ಕೈ ಬರಿದಾಗಿ ತಲಬು ಏಳುವ ಹೊತ್ತಿಗೂ ಯಾರಾದರೊಬ್ಬರು ಎಚ್ಚರವಿದ್ದು ಉತ್ತರಿಸುತ್ತಿದ್ದರು. ಈ ಒಂದು ಸೌಕರ್ಯ ಉಳಿದ ಮೂರು ದಾರಿಗಳಲ್ಲಿ ಯಾವುದಕ್ಕೂ ಇರಲಿಲ್ಲ ಎಂಬುದನ್ನು ಒಪ್ಪಲೇಬೇಕು. ಆದರೆ ಅಲ್ಲಿ ಚಪ್ಪಾಳೆ ಬೀಳುತ್ತಿದ್ದುದು ಸಂಖ್ಯೆಗೆ. ಎಡವಿದವರು ಎಡವಿದೆವೆಂದು ಹೇಳದೆ ಸದ್ದಿಲ್ಲದೆ ಗುಂಪು ಬಿಟ್ಟು ಹೋಗುತ್ತಿದ್ದುದರಿಂದ, ಉಳಿದವರಿಗೆ ಎಲ್ಲರೂ ಗೆಲ್ಲುತ್ತಲೇ ಇದ್ದಾರೆಂಬ ಭ್ರಮೆ ಹುಟ್ಟುತ್ತಿತ್ತು. ಇಪ್ಪತ್ತೇಳನೆಯ ದಿನ ಅಂಕೋಲೆಯ ಒಂದು ಮದುವೆಯಲ್ಲಿ ನಾನು ಎರಡು ಸಿಗರೇಟು ಸೇದಿದೆ. ಮರುದಿನ ಬೆಳಿಗ್ಗೆ ಯಾವ ಅಳುಕೂ ಇಲ್ಲದೆ ‘28’ ಎಂದು ಬರೆದೆ, ಹನ್ನೆರಡು ಹೂವುಗಳು ಬಂದವು. ಹೀಗೆ ನಲವತ್ತೊಂದರವರೆಗೆ ಎಣಿಸಿದೆನಾದರೂ, ಆ ಹೊತ್ತಿಗಾಗಲೇ ದಿನಕ್ಕೆ ನಾಲ್ಕು ಸೇದುತ್ತಿದ್ದೆ. ಅಪರಿಚಿತರ ಹೊಗಳಿಕೆಯನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ, ಅಷ್ಟೆ.

ಆ ಗುಂಪಿನ ಇನ್ನೊಂದು ಕೊರತೆ ಸಲಹೆಗಳದು. ಒಬ್ಬರು ಇ-ಸಿಗರೇಟಿಗೆ ಬದಲಾಗಿ ಎಂದರು. ಅದರ ಮಾರಾಟವನ್ನು ದೇಶದಲ್ಲಿ 2019ರಲ್ಲೇ ನಿಷೇಧಿಸಲಾಗಿದೆ. ಇನ್ನೊಬ್ಬರು ಸಿಗರೇಟಿನ ಬದಲು ಎಲೆಯಡಿಕೆಗೆ ಚೂರು ಹೊಗೆಸೊಪ್ಪು ಸೇರಿಸಿಕೊಳ್ಳಿ ಎಂದರು. ಈ ಎರಡನೆಯ ಸಲಹೆಗೆ ನಮ್ಮ ಸಿರ್ಸಿ ಸೀಮೆಯಲ್ಲಿ ಬೇರೆ ಗುರುವೇ ಬೇಕಿಲ್ಲ. ರಜೆಗೆ ಊರಿಗೆ ಹೋದರೆ ಜಗುಲಿಯಲ್ಲಿ ಕುಡಿಯಲು ಏನು ಬೇಕೆಂದು ಆಸರಿಗೆ ಕೇಳುವ ಮೊದಲೇ ಕವಳದ, ಎಂದರೆ ಎಲೆಯಡಿಕೆಯ, ಬಟ್ಟಲು ಮುಂದೆ ಬರುತ್ತದೆ. ‘ಸಿಗರೇಟು ಬಿಟ್ಟಿದ್ದು ಚಲೋ ಆತು ತಮಾ, ಒಂದು ಕವಳ ಹಾಕು’ ಎಂದು ದೊಡ್ಡಪ್ಪ ಪ್ರೀತಿಯಿಂದಲೇ ಹೇಳಿದರು. ಹೊಗೆಸೊಪ್ಪಿನಲ್ಲಿ ಇರುವುದೂ ಅದೇ ನಿಕೋಟಿನ್, ಚಟ ಬಾಯಿಯಿಂದ ಕೆನ್ನೆಗೆ ಸರಿಯುತ್ತದೆಯೇ ಹೊರತು ಹೋಗುವುದಿಲ್ಲ. ಹೊಗೆಸೊಪ್ಪಿಲ್ಲದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ ಸೇರಿಸಿದೆ. ಅಡಿಕೆ ತೋಟದ ಹುಟ್ಟುವಳಿಯಲ್ಲೇ ಓದಿದವನು ಇದನ್ನು ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ, ಆದರೂ ಬರೆಯದೆ ಬಿಡಲಾರೆ.

ಮೂರನೆಯ ಯತ್ನಕ್ಕೆ ದಾರಿ ತೋರಿಸಿದ್ದು ಸಿಗರೇಟಿನ ಪೊಟ್ಟಣವೇ. 2018ರಿಂದ ಪೊಟ್ಟಣದ ಚಿತ್ರ ಎಚ್ಚರಿಕೆಯೊಡನೆ ಅಚ್ಚಾಗುತ್ತಿರುವ 1800-11-2356 ಎಂಬ ಸಂಖ್ಯೆಯನ್ನು ನಾನು ವರ್ಷಗಟ್ಟಲೆ ಕಂಡಿದ್ದೆನೇ ಹೊರತು ಓದಿರಲಿಲ್ಲ. ಕರೆಗೆ ಹಣವಿಲ್ಲ, ಕನ್ನಡದಲ್ಲಿಯೂ ಮಾತನಾಡುತ್ತಾರೆ, ದಕ್ಷಿಣದ ಭಾಷೆಗಳ ಕರೆಗಳನ್ನು ಬೆಂಗಳೂರಿನ ನಿಮ್ಹಾನ್ಸ್ ನೋಡಿಕೊಳ್ಳುತ್ತದೆ. ಸಲಹೆಗಾರ್ತಿ ಮೊದಲು ಕೇಳಿದ್ದು ಎಷ್ಟು ಸೇದುತ್ತೀರಿ ಎಂದಲ್ಲ, ಎದ್ದ ಎಷ್ಟು ಹೊತ್ತಿಗೆ ಮೊದಲನೆಯದನ್ನು ಹಚ್ಚುತ್ತೀರಿ ಎಂದು. ಕಾಲು ಗಂಟೆಯೊಳಗೆ ಎಂದೆ. ಎದ್ದ ಅರ್ಧ ಗಂಟೆಯೊಳಗೆ ಬೇಕಾಗುವವರಲ್ಲಿ ಅವಲಂಬನೆ ಹೆಚ್ಚು, ಬರೀ ಮನೋಬಲವನ್ನು ನೆಚ್ಚಿಕೊಳ್ಳದೆ ವೈದ್ಯರನ್ನು ಕೇಳಿ ನಿಕೋಟಿನ್ ಗಮ್ ಆರಂಭಿಸುವುದು ಒಳ್ಳೆಯದು ಎಂದರು. ಬಿಡುವ ದಿನವನ್ನು ನನ್ನ ಬಾಯಿಂದಲೇ ಹೇಳಿಸಿದರು: 2024ರ ಜನವರಿ 12. ಆ ಬಳಿಕ ಗೊತ್ತಾದ ದಿನಗಳಂದು ಅವರೇ ಕರೆ ಮಾಡಿ ವಿಚಾರಿಸುತ್ತಿದ್ದರು.

ಗಮ್‌ನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಅದು ತನಗೆ ನಾಟಲಿಲ್ಲ ಎನ್ನುವವರಲ್ಲಿ ಅನೇಕರು ಅದನ್ನು ನನ್ನಂತೆಯೇ ತಪ್ಪಾಗಿ ಅಗಿದಿರುತ್ತಾರೆ. ಅದರಲ್ಲಿ 2 ಮತ್ತು 4 ಮಿಲಿಗ್ರಾಂ ಎಂಬ ಎರಡು ಪ್ರಮಾಣಗಳಿವೆ, ವೈದ್ಯರು ನನಗೆ ಬರೆದುಕೊಟ್ಟದ್ದು ನಾಲ್ಕರದ್ದು. ನಾನು ಅದನ್ನು ಕವಳದಂತೆ ಜಗಿದು ರಸ ನುಂಗಿದೆ. ಗಂಟಲು ಉರಿದು, ಅರ್ಧ ಗಂಟೆ ಬಿಕ್ಕಳಿಕೆ ನಿಲ್ಲಲಿಲ್ಲ. ಮೆಣಸಿನಂತಹ ಚುರುಕು ಬರುವವರೆಗೆ ಮೆಲ್ಲಗೆ ಕಚ್ಚಿ, ಆಮೇಲೆ ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಂಡು, ಚುರುಕು ಇಳಿದಾಗ ಮತ್ತೆ ಕಚ್ಚಬೇಕು. ನಿಕೋಟಿನ್ ಒಳಗೆ ಹೋಗುವುದು ಬಾಯಿಯ ಒಳಪದರದಿಂದ, ಹೊಟ್ಟೆಯಿಂದಲ್ಲ. ಹುಳಿಯ ಪಾನೀಯವಾಗಲಿ ಕಾಫಿಯಾಗಲಿ ಬಾಯಲ್ಲಿದ್ದರೆ ಈ ಹೀರಿಕೆ ಕುಂದುತ್ತದೆ, ಹಾಗಾಗಿ ಅಗಿಯುವ ಕಾಲು ಗಂಟೆ ಮೊದಲಿನಿಂದ ಅವನ್ನು ಬಿಡಬೇಕು. ಮುರುಗಲ ಹಣ್ಣಿನ ಶರಬತ್ತು ಕುಡಿದ ಕೂಡಲೇ ಗಮ್ ಹಾಕಿಕೊಳ್ಳುತ್ತಿದ್ದ ನನಗೆ ಮಧ್ಯಾಹ್ನದ ತಲಬು ಏಕೆ ಇಳಿಯುವುದಿಲ್ಲವೆಂಬುದು ಸಹಾಯವಾಣಿಯವರ ಆ ಒಂದು ಮಾತಿನಿಂದ ಬಗೆಹರಿಯಿತು. ಇಂತಹ ತಿಳಿವಳಿಕೆ ಗೆಳೆಯನಿಂದಲೂ ಸಿಕ್ಕಿರಲಿಲ್ಲ, ನೂರೆಂಬತ್ತು ಜನರಿಂದಲೂ ಸಿಕ್ಕಿರಲಿಲ್ಲ.

ಸಹಾಯವಾಣಿಯ ಮುಂದೆ ನಾಚಿಕೆಪಡಬೇಕಾದದ್ದಿಲ್ಲ. ನಡುವೆ ಒಂದು ಸೇದಿದೆನೆಂದರೆ ಅವರು ಬೇಸರಿಸದೆ, ಆಗ ಎಲ್ಲಿದ್ದಿರಿ, ಯಾರಿದ್ದರು ಎಂದಷ್ಟೇ ಕೇಳಿದರು. ಆದರೆ ಸಹಾಯವಾಣಿ ನಡೆಯುವುದು ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ, ಸೋಮವಾರ ರಜೆ. ನಾನು ಬಿದ್ದದ್ದು ಅರವತ್ತೆಂಟನೆಯ ದಿನ, ಮಾರ್ಚಿನ ಮಾರಿಕಾಂಬಾ ಜಾತ್ರೆಯಲ್ಲಿ, ರಾತ್ರಿ ಹತ್ತರ ಮೇಲೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆಗೆ ಊರೂರುಗಳಿಂದ ಬಂದ ಹಳೆಯ ಗೆಳೆಯರೆಲ್ಲ ಅಂಗಡಿ ಸಾಲಿನ ತುದಿಯಲ್ಲಿ ನಿಂತಿದ್ದರು, ಒಬ್ಬ ಪೊಟ್ಟಣ ಚಾಚಿದ. ನನ್ನ ಬಳಿ ಎಲ್ಲ ತಿಳಿವಳಿಕೆಯೂ ಇತ್ತು, ಪಕ್ಕದಲ್ಲಿ ‘ಬೇಡ’ ಎನ್ನುವವರು ಮಾತ್ರ ಇರಲಿಲ್ಲ.

ನಾಲ್ಕನೆಯದು ಅದೇ ವರ್ಷದ ಅಕ್ಟೋಬರಿನಲ್ಲಿ, ಮಳೆ ಹಿಂದೆಗೆದ ಮೇಲೆ, ಟ್ಯಾಗೋರ್ ಕಡಲತೀರದಲ್ಲಿ ಆರಂಭವಾಯಿತು. ಬೆಳಿಗ್ಗೆ ಆರಕ್ಕೆ ನಡೆಯಲು ಬರುತ್ತಿದ್ದ ನಿವೃತ್ತ ಮಾಸ್ತರರೊಬ್ಬರು ಮೂರು ತಿಂಗಳ ಹಿಂದೆ ಬಿಟ್ಟವರು. ಅವರ ಜೊತೆ, ಬಿಟ್ಟು ನಲವತ್ತು ದಿನವಾಗಿದ್ದ ವಸತಿಗೃಹದ ಮ್ಯಾನೇಜರು, ಬೈತಖೋಲದ ಒಬ್ಬ ಮೀನುಗಾರ, ಕೋಡಿಬಾಗದ ಒಬ್ಬ ಆಟೋ ಚಾಲಕ ಮತ್ತು ನಾನು. ದಿನ ಎಷ್ಟಾಯಿತೆಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಮಾಸ್ತರರು ಒಬ್ಬೊಬ್ಬರನ್ನೂ ಕೇಳುತ್ತಿದ್ದುದು ಒಂದೇ ಪ್ರಶ್ನೆ: ‘ನಿನ್ನೆ ಯಾವ ಹೊತ್ತು ಕಷ್ಟವಾಯ್ತು?’ ಬಲೆ ಬಿಟ್ಟು ಕಾಯುವ ಹೊತ್ತು ಎಂದು ಮೀನುಗಾರ ಹೇಳಿದ. ಹನ್ನೊಂದು ಗಂಟೆಯ ಗೂಡಂಗಡಿಯ ಹೊತ್ತು ಎಂದು ನಾನು ಹೇಳಿದೆ. ಎಲ್ಲಿ ಚುಚ್ಚುತ್ತದೆಯೆಂದು ಹೇಳಿದ ಮೇಲೆ ಆ ಜಾಗಕ್ಕೆ ಮಾತ್ರ ಔಷಧ ಹುಡುಕುವುದು ಸುಲಭವಾಯಿತು. ಆರನೆಯ ದಿನ ಹನ್ನೊಂದಕ್ಕೆ ನಾನು ಮ್ಯಾನೇಜರರಿಗೆ ಫೋನು ಮಾಡಿದೆ. ‘ಹೆಗಡೆಯವರೇ, ಗಡಿಯಾರ ನೋಡಿ, ಐದು ನಿಮಿಷ ಮಾತಾಡುವಾ’ ಎಂದು ಅವರು ಬಂಗುಡೆಯ ದರದಿಂದ ಹೆದ್ದಾರಿಯ ಹೊಂಡಗಳವರೆಗೆ ಮಾತನಾಡಿದರು. ತಲಬು ಒಂದೊಂದು ಸಲ ಏಳುವುದು ಕೆಲವೇ ನಿಮಿಷಗಳ ಮಟ್ಟಿಗೆ, ಸೇದಿದರೂ ಸೇದದಿದ್ದರೂ ಅದು ಇಳಿಯುತ್ತದೆ ಎಂಬುದನ್ನು ಸಹಾಯವಾಣಿಯಲ್ಲಿ ಕೇಳಿ ತಿಳಿದಿದ್ದೆ. ಅದು ನಿಜವೆಂದು ಕಂಡದ್ದು ಆ ಫೋನಿನಲ್ಲಿ.

ಈ ಗುಂಪಿಗೂ ಹಿಂದಿನ ಜೋಡಿಗೂ ಇರುವ ಮುಖ್ಯ ವ್ಯತ್ಯಾಸ, ಇಲ್ಲಿ ಎಲ್ಲರೂ ಬೇರೆಬೇರೆ ಮೆಟ್ಟಿಲುಗಳಲ್ಲಿ ಇದ್ದರೆಂಬುದು. ನನಗೆ ಎಲ್ಲರಿಗಿಂತ ಹೆಚ್ಚು ಉಪಯೋಗಕ್ಕೆ ಬಂದವರು ನನ್ನ ಜೊತೆಗೇ ಬಿಟ್ಟವರಲ್ಲ, ತುಂಬ ಹಿಂದೆ ಬಿಟ್ಟು ಮರೆತವರೂ ಅಲ್ಲ, ನನಗಿಂತ ಐದಾರು ವಾರ ಮುಂದಿದ್ದ ಆ ಮ್ಯಾನೇಜರು. ಹತ್ತನೆಯ ದಿನ ಕೆಮ್ಮು ಕಫಗಳು ಹೆಚ್ಚಾಗಿ ಹೆದರಿದಾಗ, ಹೊಗೆಗೆ ಸೋತು ಬಿದ್ದಿದ್ದ ಶ್ವಾಸನಾಳದ ಸೂಕ್ಷ್ಮ ರೋಮಗಳು ಮತ್ತೆ ಗುಡಿಸಲು ತೊಡಗಿವೆಯೆಂದು ವೈದ್ಯರು ವಿವರಿಸಬಲ್ಲರು. ಆದರೆ ‘ನನಗೆ ಮೂರು ವಾರ ಇತ್ತು, ಈಗ ಇಲ್ಲ ನೋಡಿ’ ಎನ್ನಲು ಹೋದ ತಿಂಗಳು ಕೆಮ್ಮಿದವನೇ ಬೇಕು. ಎಡವುವಿಕೆಯ ವಿಷಯದಲ್ಲಿಯೂ ಹಾಗೆಯೇ. ಆಟೋ ಚಾಲಕ ಒಂದು ಬೆಳಿಗ್ಗೆ ಬಂದು, ನಿನ್ನೆ ಮೂರು ಬೀಡಿ ಸೇದಿದೆ ಎಂದಾಗ ಮಾಸ್ತರರು ಕೇಳಿದ್ದು ‘ಯಾವ ಅಂಗಡಿ?’ ಎಂದು ಮಾತ್ರ. ಅವನು ಮರುದಿನದಿಂದ ಬೇರೆ ನಿಲ್ದಾಣದಲ್ಲಿ ಗಾಡಿ ನಿಲ್ಲಿಸಿದ. ಮುಖ ನೋಡಿಕೊಂಡು ಕುಳಿತಲ್ಲಿ ನನ್ನ ಹಳೆಯ ‘28’ ಎಂಬ ಸುಳ್ಳು ನಡೆಯುತ್ತಿರಲಿಲ್ಲ, ಬೇಕಾಗುತ್ತಲೂ ಇರಲಿಲ್ಲ.

ಆದರೂ ಇದಕ್ಕೆ ದೊಡ್ಡ ತೊಡಕುಗಳಿವೆ. ಆರು ಗಂಟೆಗೆ ಬರಲಾಗದ ಪಾಳಿ ಕೆಲಸದವರಿಗೆ ಇದು ಒಗ್ಗದು. ಒಬ್ಬ ಹೆಣ್ಣುಮಗಳೂ ಈವರೆಗೆ ನಮ್ಮ ಕಟ್ಟೆಗೆ ಬಂದಿಲ್ಲ, ಬರುವಂತಹ ಜಾಗವೂ ಅದಲ್ಲ. ಮೊಬೈಲಿನ ಗುಂಪಿನಲ್ಲಾದರೋ ಹೆಸರು ಮರೆಸಿಕೊಂಡು ಕೆಲವು ಮಹಿಳೆಯರು ಇದ್ದರು. ಎಲ್ಲಕ್ಕಿಂತ ಕಠಿಣವಾದದ್ದು ಮಳೆಗಾಲ. ಜೂನ್ ಮೊದಲ ವಾರದಿಂದ ದಂಡೆಯಲ್ಲಿ ಕೂರುವಂತಿಲ್ಲ. ಜೂನ್ ಮತ್ತು ಜುಲೈ ಯಾಂತ್ರಿಕ ಮೀನುಗಾರಿಕೆಗೆ ನಿಷೇಧದ ತಿಂಗಳುಗಳಾದ್ದರಿಂದ, ನಮ್ಮ ಮೀನುಗಾರನಿಗೆ ದಿನವಿಡೀ ಕೈಯಲ್ಲಿ ಕೆಲಸವಿಲ್ಲದ ಕಾಲವೂ ಅದೇ. ಗುಂಪು ತೀರ ಬೇಕಾದಾಗಲೇ ಗುಂಪಿಗೆ ಜಾಗವಿಲ್ಲ. ಚಹದಂಗಡಿಗೆ ಹೋಗೋಣವೆಂದರೆ ಅಲ್ಲಿ ಪಕ್ಕದ ಬೆಂಚಿನಿಂದಲೇ ಹೊಗೆ ಬರುತ್ತದೆ. ಸಾರ್ವಜನಿಕ ಸ್ಥಳದಲ್ಲಿ ಸೇದಬಾರದೆಂಬ ನಿಯಮ 2008ರ ಅಕ್ಟೋಬರ್ 2ರಿಂದಲೇ ಇದೆಯಾದರೂ ಮಳೆ ಬಂದಾಗ ಅದು ಯಾರಿಗೂ ನೆನಪಿರುವುದಿಲ್ಲ. ಕೊನೆಗೆ ಕಾಜುಬಾಗದಲ್ಲಿರುವ ಮಾಸ್ತರರ ಮನೆಯ ಜಗುಲಿಯಲ್ಲಿ ಸೇರಿದೆವು. ಮೀನುಗಾರ ಎರಡು ಸಲ ಎಡವಿದ, ಎರಡು ಸಲವೂ ತಾನಾಗಿಯೇ ಬಂದು ಹೇಳಿದ.

ಖರ್ಚಿನಲ್ಲಿ ನಾಲ್ಕೂ ದಾರಿಗಳು ಹೆಚ್ಚು ಕಡಿಮೆ ಉಚಿತವೇ, ಹಣ ಬೀಳುವುದು ಗಮ್‌ಗೆ ಮಾತ್ರ. ಅದನ್ನು ಸುಮಾರು ಮೂರು ತಿಂಗಳಲ್ಲಿ ಇಳಿಸುತ್ತಾ ನಿಲ್ಲಿಸಿದರೆ, ದಿನಕ್ಕೆ ಹೊಗೆಯಾಗುತ್ತಿದ್ದ ನನ್ನ ಇನ್ನೂರು ರೂಪಾಯಿಯ ಮುಂದೆ ಅದೇನೂ ಅಲ್ಲ. ಹೃದಯದ ತೊಂದರೆ ಇರುವವರು ಮತ್ತು ಗರ್ಭಿಣಿಯರು ಮಾತ್ರ ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು. ನನ್ನನ್ನು ಯಾರಾದರೂ ಕೇಳಿದರೆ, ಮೊದಲು ಸಹಾಯವಾಣಿಗೆ ಕರೆ ಮಾಡಿ ದಿನ ಗೊತ್ತುಮಾಡಿಕೊಳ್ಳಿ, ಆದರೆ ಆ ದಿನ ಬರುವುದರೊಳಗೆ ನಿಮಗಿಂತ ತುಸು ಮುಂದಿರುವ ಒಬ್ಬರನ್ನಾದರೂ ನಿಮ್ಮ ಊರಿನಲ್ಲೇ ಹುಡುಕಿಟ್ಟುಕೊಳ್ಳಿ ಎನ್ನುತ್ತೇನೆ. ಇದಕ್ಕೆ ಅನುಕೂಲವಿಲ್ಲದವರು, ದಿನದ ಲೆಕ್ಕ ಕೇಳದ ಗುಂಪು ಸಿಕ್ಕರೆ ಮೊಬೈಲಿನಲ್ಲಿಯೂ ಸೇರಬಹುದು. ಜೊತೆಯಲ್ಲಿ ಸೇದುವ ಗೆಳೆಯನೊಡನೆ ಒಂದೇ ದಿನ ಬಿಡುವುದನ್ನು ಮಾತ್ರ ನಾನು ಯಾರಿಗೂ ಹೇಳಲಾರೆ.

ಆ ಅಕ್ಟೋಬರಿನ ನಂತರ ನಾನು ಸೇದಿಲ್ಲ, ತೂಕ ಐದು ಕಿಲೋ ಏರಿದೆ. ಹೋದ ವಾರ ಕಟ್ಟೆಗೆ ಹೊಸಬರೊಬ್ಬರು ಬಂದರು, ಬಿಟ್ಟು ಮೂರನೆಯ ದಿನ, ಕೈ ನಡುಗುತ್ತಿತ್ತು. ನಾನು ಉತ್ಸಾಹದಿಂದ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟೆ. ಮಾಸ್ತರರು ಅವರ ಕೈ ಹಿಡಿದು, ಬಿಟ್ಟು ಒಂದೂವರೆ ತಿಂಗಳಾದ ಒಬ್ಬ ಹುಡುಗನ ಪಕ್ಕದಲ್ಲಿ ಕೂರಿಸಿದರು.