ಬೆನ್ನಿಗೆ ಪಿಆರ್‌ಪಿ ಚುಚ್ಚಿಸಿಕೊಳ್ಳುವ ಮುಂಚೆ ಇದನ್ನು ಓದಿ

ನನ್ನದು ಆರು ವರ್ಷದ ಸೊಂಟನೋವು. ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಸವೆದಿದೆ ಅಂತ ಎಂಆರ್‌ಐ ರಿಪೋರ್ಟ್. ನೋವೇ ಇಲ್ಲದ 50 ವರ್ಷದವರಿಗೆ ಸ್ಕ್ಯಾನ್ ಮಾಡಿದರೂ 100ಕ್ಕೆ 80 ಜನರಲ್ಲಿ ಡಿಸ್ಕ್ ಸವೆದೇ ಇರುತ್ತದಂತೆ. ಇದು ಆಗ ನನಗೆ ಗೊತ್ತಿರಲಿಲ್ಲ.

ಹೋದ ವರ್ಷ ಬೆಂಗಳೂರಿನ ಒಂದು ಕ್ಲಿನಿಕ್‌ಗೆ ಹೋದೆ. "ಆಪರೇಷನ್ ಬೇಡ ಸರ್, ನಿಮ್ಮ ರಕ್ತದಿಂದಲೇ ಡಿಸ್ಕ್ ಮತ್ತೆ ಬೆಳೆಯುತ್ತೆ" ಅಂದರು. ಹೇಳಿದ್ದು ಡಾಕ್ಟರ್ ಅಲ್ಲ, ಕೌನ್ಸೆಲರ್. ಮೂರು ಇಂಜೆಕ್ಷನ್ನಿಗೆ 1,20,000 ರೂಪಾಯಿ, ಇವತ್ತೇ ಕಟ್ಟಿದರೆ 90,000. ಚಿನ್ನದಂಗಡಿಯಲ್ಲೂ ಇಷ್ಟು ಅವಸರ ಮಾಡುವುದಿಲ್ಲ. ಕಟ್ಟಿಬಿಟ್ಟೆ.

ಕೈಯಿಂದ ರಕ್ತ ತೆಗೆದು ಮಷೀನಿನಲ್ಲಿ ಗಿರಗಿರ ತಿರುಗಿಸಿದರು. ಟ್ಯೂಬಿನ ತಳದಲ್ಲಿ ಕಡುಗೆಂಪು, ಮೇಲೆ ತೆಳು ಹಳದಿ ನೀರು. ಆ ಹಳದಿಯೇ ಪಿಆರ್‌ಪಿ, ಪ್ಲೇಟ್‌ಲೆಟ್ ಜಾಸ್ತಿ ಇರುವ ಪ್ಲಾಸ್ಮಾ. ಕೌನ್ಸೆಲರ್ ಬಾಯಲ್ಲಿ ಅದು 'ಸ್ಟೆಮ್ ಸೆಲ್' ಆಗಿತ್ತು. ಎರಡೂ ಬೇರೆ ಬೇರೆ. ಸ್ಟೆಮ್ ಸೆಲ್ ಅಂದರೆ ಬೇರೆ ಬಗೆಯ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ. ನಿಜವಾದ ಸ್ಟೆಮ್ ಸೆಲ್ ಆಗಿದ್ದರೆ ಇನ್ನೂ ಕಷ್ಟ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ, ಒಪ್ಪಿಗೆ ಪಡೆದ ಪ್ರಯೋಗದ ಹೊರಗೆ ಅದನ್ನು ಬೆನ್ನುನೋವಿಗೆ ಕೊಡುವ ಹಾಗೇ ಇಲ್ಲ.

ಎರಡನೇ ಇಂಜೆಕ್ಷನ್ ಆಗಿ ಮೂರು ವಾರಕ್ಕೆ, ರಾತ್ರಿ ಮಗ್ಗುಲು ಬದಲಿಸಿದರೆ ಜೀವ ಹೋಗುವಂಥ ನೋವು. ಸಂಜೆಯಾದರೆ ಚಳಿ, ಸಣ್ಣ ಜ್ವರ. ಫೋನ್ ಮಾಡಿದೆ. "ನೋವು ಜಾಸ್ತಿ ಆಯ್ತು ಅಂದ್ರೆ ಔಷಧಿ ಹಿಡೀತಿದೆ ಅಂತ ಸರ್. ಪೇನ್‌ಕಿಲ್ಲರ್ ಮಾತ್ರ ತಗೋಬೇಡಿ." ನಂಬಿಕೊಂಡು ಇನ್ನೂ ಹತ್ತು ದಿನ ಹಲ್ಲು ಕಚ್ಚಿಕೊಂಡಿದ್ದೆ. ನನ್ನ ದೊಡ್ಡ ತಪ್ಪು ಇದೇ.

ಹಾಸನಕ್ಕೆ ಬಂದು ನಮ್ಮ ಡಾಕ್ಟರಿಗೆ ತೋರಿಸಿದೆ. ಚುಚ್ಚಿದ ಮೊದಲ ಕೆಲವು ದಿನ ನೋವು ಇರಬಹುದು, ಮೂರು ವಾರದ ಮೇಲೆ ಜ್ವರ ಯಾಕ್ರೀ ಬರುತ್ತೆ ಅಂತ ಬೈದರು. ಮೈಯಲ್ಲಿ ಸೋಂಕು, ಉರಿಯೂತ ಇದ್ದರೆ ಏರುವ ರಕ್ತಪರೀಕ್ಷೆಗಳಾದ ಇಎಸ್‌ಆರ್, ಸಿಆರ್‌ಪಿ ಎರಡೂ ಏರಿದ್ದವು. ಮತ್ತೆ ಎಂಆರ್‌ಐ. ಡಿಸ್ಕಿಗೇ ಸೋಂಕು. ದೊಡ್ಡವರ ಡಿಸ್ಕಿಗೆ ನೇರ ರಕ್ತ ಓಡಾಟ ಇಲ್ಲದಷ್ಟು ಕಡಿಮೆ, ಹಾಗಾಗಿ ಔಷಧಿ ಅಲ್ಲಿಗೆ ತಲುಪುವುದೂ ನಿಧಾನ. ಆರು ವಾರ ಡ್ರಿಪ್‌ನಲ್ಲಿ ಆಂಟಿಬಯಾಟಿಕ್. ಬಚ್ಚಲಿಗೂ ಹೆಂಡತಿಯ ಹೆಗಲು ಹಿಡಿದೇ ಹೋಗಬೇಕಿತ್ತು.

ಪಿಆರ್‌ಪಿ ಪೂರ್ತಿ ಮೋಸ ಅನ್ನುತ್ತಿಲ್ಲ. ಆದರೆ ಡಿಸ್ಕ್ ಮತ್ತೆ ಬೆಳೆಯುತ್ತೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಹೋಗುವವರು ಬಿಲ್ಲಿನಲ್ಲಿ ಏನಂತ ಬರೆಯುತ್ತೀರಿ ಎಂದು ಮೊದಲೇ ಕೇಳಿ. ನನ್ನದರಲ್ಲಿ 'ಪ್ರೊಸೀಜರ್ ಚಾರ್ಜ್' ಅಂತ ಅಷ್ಟೇ ಇತ್ತು. ಇನ್ಶೂರೆನ್ಸ್‌ನವರು ಹಾಗೇ ವಾಪಸ್ ಕಳಿಸಿದರು.

ಮೊನ್ನೆ ಕೌನ್ಸೆಲರ್ ಫೋನ್ ಬಂತು. ಮೂರನೇ ಇಂಜೆಕ್ಷನ್ ಬಾಕಿ ಇದೆಯಂತೆ, ತಿಂಗಳ ಕೊನೆಗೆ ಪ್ಯಾಕೇಜ್ ಮುಗಿಯುತ್ತದಂತೆ.